ಕಂಡಿಕಿ ಸುತ್ತುವಾಕಿ ಎಣಿಸಿದ್ದು

ಸೊಲ್ಲಾಪುರ, ಅಕ್ಕಲಕೋಟ ರೋಡಿನ ಶೆಡ್ಡು. ಎಂಟು ಮಗ್ಗ.
ಒಂದು ನಿಂತರ ಬೆನ್ನು ತಿರುಗಿಸಿ ಕೂತರೂ ತಿಳೀತದ ನನಗ
ಯಾವ ನಂಬರಂತ.
ಅವತ್ತು ಐದನೇದು ನಿಲ್ಲಲಿಲ್ಲ.
ಎಳಿ ಹರದರೂ ಲಾಳಿ ಓಡೇ ಓಡತಿತ್ತು,
ನೋಡಾಂವ ಇರಲಿಲ್ಲ.

ವೆಂಕಟಿ ಚಿಲವೇರಿ ಕೆಳಗ, ನೂಲಿನ ಧೂಳಿನ್ಯಾಗ,
ಒಂದು ಚಪ್ಪಲಿ ಕಾಲಾಗ, ಒಂದು ಮಗ್ಗದ ಬುಡಕ.

ಫಿಟ್ಸು ಅಂದರು. ಕೈಯಾಗ ಕೀಲಿ ಇಡರಿ ಅಂದರು.
ಉಳ್ಳಾಗಡ್ಡಿ ಅಂದ ಒಬ್ಬ.
"ಗೊರಕಿ ಹೊಡೀತಾನ, ಉಸುರೈತಿ" ಅಂದ ದಸ್ತಗೀರ.
ಗೊರಕಿ ಅಲ್ಲ ಅದು.
ದಂಡಿಗೆ ಬಿದ್ದ ಮೀನು ಬಾಯಿ ತೆರೀತದಲ್ಲ,
ತೆರದು, ಮರತು, ಮತ್ತ ತೆರದಂಗ.
ಹೆಗಲ ಬಡದೆ. ಕರದೆ. ಅವನ ತೆಲುಗಿನ್ಯಾಗೂ ಕರದೆ.
ಕಣ್ಣು ನನ್ನ ದಾಟಿ ಪತ್ರಾ ನೋಡತಿದ್ದುವು.

ಹೋದ ಶ್ರಾವಣದಾಗ ದವಾಖಾನಿ ಹುಡುಗಿ ಒಬ್ಬಾಕಿ
ರಬ್ಬರಿನ ಗೊಂಬಿ ತಂದಿದ್ದಳು.
ನಕ್ಕಿದ್ದೆವು. ಗೊಂಬಿಗೆ ಮೀಸಿ ಬರದಿದ್ದ ಯಾರೋ.

"ಒಂದು ಸೊನ್ನಿ ಎಂಟು ಒತ್ತೋ ದಸ್ತಗೀರ, ಫೋನು ಇಲ್ಲಿಡು!
ಮೂರನೇ ಮಗ್ಗ ನಡೀಲಿ, ಉಳದದ್ದು ಬಂದ ಮಾಡರಿ!"
ಮಿನಿಟಿಗೆ ನೂರಾಹತ್ತು ಹೊಡತ ಅದರದು,
ಆ ಹುಡುಗಿ ಹೇಳಿದ್ದೂ ಅಷ್ಟ.
ಎದಿ ನಡುವ ಅಂಗೈ, ಅದರ ಮ್ಯಾಲ ಅಂಗೈ.
ಗಂಡಸಿನ ಎದಿ ಮುಟ್ಟತಾಳ ಅಂತ ಯಾರೋ ಗೊಣಗಿದರು.
ನಾಚಿಕೀಗೂ ನಾಕು ಮಿನಿಟು ಬೇಕು,
ನನ್ನ ಹತ್ರ ಇರಲಿಲ್ಲ.

ಸಂತ್ಯಾಗ ಮರಾಠಿ, ಮಾಲಕನ ಮುಂದ ಹಿಂದಿ,
ಎಣಿಕಿ ಮಾತ್ರ ಅವ್ವ ಹುಣಸಿಬೀಜದ ಮ್ಯಾಲ ಕಲಿಸಿದ್ದು:
ಒಂದ, ಎರಡ, ಮೂರ,
ಎರಡಿಂಚು ಒಳಗ, ಪೂರಾ ಮ್ಯಾಲ,
ಹತ್ತೊಂಬತ್ತ, ಇಪ್ಪತ್ತ,
ಲಟ್.
ಎಲುಬು.
ನಿಲ್ಲಿಸಬ್ಯಾಡ ಅಂದಿದ್ದಳು ಹುಡುಗಿ.
ಮುರದದ್ದು ಕೂಡತದ, ನಿಂತದ್ದು ತಾನಾಗಿ ಹೊರಳೂದಿಲ್ಲ.

ತೋಳು ಸೋತಾಗ ಬಿಹಾರದ ಲಲ್ಲನ ಕೂತ,
ಕನ್ನಡ ಬರಲಾರದಾಂವ,
ನನ್ನ ಎಣಿಕಿ ಮ್ಯಾಲ ಒತ್ತಿದ.
ಮತ್ತ ನಾನು. ಮತ್ತ ಅಂವ.

ಗಾಡಿ ಬಂತು. ಸಣ್ಣ ಪೆಟ್ಟಿಗಿ, ಎರಡು ಅಂಟು ಹಾಳಿ,
ಎಲ್ಲಾರೂ ಸರೀರಿ ಅಂದರು.
ವೆಂಕಟಿ ಒಂದು ಸಲ ನೆಲ ಬಿಟ್ಟು ಎದ್ದು ಬಿದ್ದ.
ಮೂರನೇ ಮಗ್ಗ ಆಗಲೂ ನಡದಿತ್ತು.

ಹನ್ನೊಂದು ದಿನದ ಮ್ಯಾಲ ಅವನ ಮೊದಲ ಮಾತು:
"ಎಲುಬು ಮುರದಾಕಿ ಯಾರು?"

ಐದನೇ ಮಗ್ಗದ ಆ ಚಾದರಿನ್ಯಾಗ
ಒಂದು ಗೇಣು ಎಳಿ ಇಲ್ಲ.
ಸೆಕೆಂಡ ಮಾಲಂತ ಒಗದಿದ್ದ ಮಾಲಕ.
ಅರ್ಧಾ ರೇಟಿಗೆ ನಾನ ಕೊಂಡೀನಿ.
ಹೊಚಗೊಂಡರ ಅಲ್ಲೊಂದೀಟು ಗಾಳಿ ಬರತದ.