ಒಗೆಯುವ ಕಲ್ಲು

ಲಿಂಗದಹಳ್ಳಿ ದಾಟಿ, ಬಾಬಾಬುಡನ್ ಸಾಲು
ನೀರು ಕುಡಿಯಲು ಬಗ್ಗಿದಂತಿರುವ ಕಡೆ,
ಹಳ್ಳದ ಅಂಚಿಗೆ ಸಣ್ಣೀರಮ್ಮನ ಕಲ್ಲು.
ಮೇಲೆಲ್ಲ ಸಾಲು ಸಾಲು ಮಡಿಕೆ,
ಗಂಜಿ ಹಾಕಿದ ಸೀರೆಯ ನಿರಿಗೆ ಕಲ್ಲಾದಂತೆ.

ದಿಕ್ಸೂಚಿ ಇಟ್ಟೆ, ಟೇಪು ಹಿಡಿದೆ.
"ಏನವ್ವಾ, ನನ್ನ ಕಲ್ಲಿಗೆ ರವಿಕೆ ಹೊಲೀತೀಯ?"

"ಇದು ಕಡಲ ದಡ, ಅಜ್ಜಿ. ಅಲೆ ಬರೆದ ಮರಳು.
ಇನ್ನೂರೆಂಬತ್ತು ಕೋಟಿ ವರ್ಷವಾಯಿತು."
ಕೋಟಿಗೆ ಆಕೆ ಬೆದರಲಿಲ್ಲ. ಕೇಳಿದ್ದು ಇಷ್ಟೆ:
"ಮೀನಿನ ಮುಳ್ಳು ಸಿಕ್ತಾ?"
ಇಲ್ಲ. ಮುಳ್ಳು ಇನ್ನೂ ಹುಟ್ಟಿರಲಿಲ್ಲ,
ಚಿಪ್ಪಿಲ್ಲ, ಹುಲ್ಲಿಲ್ಲ,
ದಡದಲ್ಲಿ ಹೆಜ್ಜೆ ಊರಲು ಕಾಲೆಂಬುದೇ ಇಲ್ಲ.
"ಹಂಗಾರೆ ಅಲೆ ಯಾರಿಗೆ ಕೇಳಿಸ್ತಿತ್ತು?"
ನನ್ನ ಪುಸ್ತಕದಲ್ಲಿ ಇದಕ್ಕೆ ಪುಟವಿರಲಿಲ್ಲ.

ಹರಿವಿನ ದಿಕ್ಕು ಮಾತ್ರ ತಿಳಿಯಲಿಲ್ಲ. ಏಣು ಸವೆದಿತ್ತು,
ಓರೆ ಬಿಸಿಲಿಗೆ ಸಂಜೆಯವರೆಗೆ ಕಾಯಬೇಕು.
ಆಕೆ ಸೋಪು ಸವರಿದ ಚಾದರ ಎಳೆದು ಅಂದಳು:
"ಹಿಂಗೆ ಉಜ್ಜಿದ್ರೆ ಜಾರ್ತದೆ. ಹಂಗೆ ಉಜ್ಜಿದ್ರೆ ತಡೀತದೆ.
ನಲವತ್ತು ವರ್ಷ ಆತು, ಕೈಗೆ ಗೊತ್ತು."
ಕೈ ಜಾರಿದ ಕಡೆಗೇ ಕಡಲು ಹರಿದಿತ್ತು.
ಬರೆದುಕೊಂಡೆ: ಉತ್ತರದಿಂದ ಪೂರ್ವಕ್ಕೆ ಅರವತ್ತು ಡಿಗ್ರಿ.
ಅಳೆದವರು ಎಂಬಲ್ಲಿ ನನ್ನ ಹೆಸರು.

ಮಾದರಿಗೆಂದು ಸುತ್ತಿಗೆ ಎತ್ತಿದ್ದೇ ತಡ
ಹಿಂಡಿದ ಪಂಚೆಯೊಂದನ್ನು ಕಲ್ಲ ತುಂಬ ಹರವಿ
ಅದರ ಮೇಲೆ ಕೂತುಬಿಟ್ಟಳು.
ಎಲೆಯಡಿಕೆ ಹಾಕಿಕೊಂಡಳು. ನಾನು ಚೀಲ ಕಟ್ಟಿದೆ.

ಆಕೆ ಎದ್ದಾಗ
ಯಾರದೋ ಮದುವೆ ಮನೆಯ ಆ ಬಿಳಿ ಪಂಚೆಯಲ್ಲಿ
ಅಲೆ ಇತ್ತು,
ಇನ್ನೂ ಒದ್ದೆ.