ಟ್ಯಾಗು ಕೀಳಬೇಡಿ

ಬಿಳಿ ಗೌನು ಬಂದ ದಿನ ಬೂದಿ ಬೀಳುತ್ತಿತ್ತು.
ಶಕ್ತಿನಗರದಲ್ಲಿ ಅದೇನು ದೊಡ್ಡ ಸುದ್ದಿಯಲ್ಲ,
ಹಪ್ಪಳ ಒಣಹಾಕಿದರೆ ಮೇಲೊಂದು ಹಳೆ ಸೀರೆ ಹೊದಿಸುವ ಊರು.
ಕೊರಿಯರ್ ಹುಡುಗ ಪೊಟ್ಟಣ ಝಾಡಿಸಿ
"ಯಾರ ಹೆಸರಿಗಿ ಅಕ್ಕಾ?" ಅಂದ.
ಐದು ಬಾಗಿಲು ಒಟ್ಟಿಗೇ ತೆರೆದವು.

ಐವರು ಸೇರಿ ಐದು ಕೊಂಡರೆ ರಿಯಾಯಿತಿ ಎಂದಿತ್ತು ಗುಂಪಿನಲ್ಲಿ.
ನಾವು ಐವರು ಸೇರಿ ಒಂದು ಕೊಂಡೆವು,
ಹತ್ತೊಂಬತ್ತು ನೂರಕ್ಕೆ ಒಂದು ರೂಪಾಯಿ ಕಮ್ಮಿ.
ಏಳು ದಿನದೊಳಗೆ ವಾಪಸು ಮಾಡಬಹುದು,
ಟ್ಯಾಗು ಕೀಳದಿದ್ದರೆ.
ಏಳು ದಿನ, ಐದು ಮೈ. ಲೆಕ್ಕ ಕೂಡಿ
ಇಸ್ತ್ರಿಗೆ ಎರಡು ದಿನ ಮಿಕ್ಕಿತು.

ನನ್ನದು ಹೊಲಿಗೆ ಕೆಲಸ: ಫಾಲು, ಪಿಕೋ, ಜಂಪರ.
ಅದೇ ಗೌನನ್ನು ನಾಗವೇಣಿಯ ಸೊಂಟಕ್ಕೆ ಹಿಡಿದೆ, ರಾತ್ರಿ ಬಿಚ್ಚಿದೆ,
ತಸ್ಲೀಮಾಳ ತೋಳಿಗೆ ಇಳಿಸಿದೆ, ಬಿಚ್ಚಿದೆ.
ಕಚ್ಚಾ ಹೊಲಿಗೆ, ಉದ್ದುದ್ದ,
ಸೂಜಿ ಹೋದದ್ದನ್ನು ಬಟ್ಟೆ ಮರೆಯುವಷ್ಟು ಸಡಿಲ.
ಟ್ಯಾಗನ್ನು ಕುತ್ತಿಗೆಯೊಳಗೆ ಮಡಚಿ ಪಿನ್ನು ಹಾಕುತ್ತಿದ್ದೆ.
ಫೋಟೋಗಳಲ್ಲಿ ನಮ್ಮೆಲ್ಲರ ತಲೆ ತುಸು ಬಾಗಿರುವುದು
ನಾಚಿಕೆಗಲ್ಲ.

ಮಾಳಿಗೆಯ ಮೇಲೆ ಸಂಜೆ ಆರಕ್ಕೆ ಫೋಟೋ.
ಚಿಮಣಿ ಕಾಣದ ಹಾಗೆ ಮೊಬೈಲು ವಾಲಿಸಿದರೂ
ಹೊಗೆ ಮಾತ್ರ ಬಂದೇ ಬರುತ್ತಿತ್ತು.
ದಾವಣಗೆರೆಯವಳು ಕೇಳಿದಳು, ಯಾವ ಗಿರಿಧಾಮ, ಎಷ್ಟು ಚಂದ ಮಂಜು!
ಕೋಲಾರದವಳು, ಲಿಂಕ್ ಹಾಕಿ ಸಿಸ್.
ಮುಖದ ಜಾಗದಲ್ಲಿ ಬರೀ ಗುಲಾಬಿ ಇಟ್ಟುಕೊಂಡ ಒಬ್ಬಾಕೆ
ನಾಗವೇಣಿಗೆ ಬರೆದಳು: ನಿಮಗೇ ಹೊಲಿದ ಹಾಗಿದೆ.
ತಸ್ಲೀಮಾಗೂ ಅದನ್ನೇ.
ಹೃದಯಗಳೆಲ್ಲ ಅವರವು, ಆ ಸಾಲು ನನ್ನದು;
ದೀಪ ಆರಿಸಿ ಮತ್ತೆ ಮತ್ತೆ ಓದಿದೆ.

ಮೂರನೇ ದಿನ ಜಯಶೀಲಳ ಗಂಡ ಪಾಳಿ ಮುಗಿಸಿ ಬಂದು
"ನಿನ್ನಿ ತಸ್ಲೀಮಾ ಹಾಕಿದ್ದು ಇದಽ ಅಲ್ಲೇನು?" ಅಂದ.
"ಅದು ಹಾಲುಬಿಳಿ, ಇದು ಮುತ್ತಿನ ಬಿಳಿ."
ಹಗಲಿಡೀ ಕಲ್ಲಿದ್ದಲು ನೋಡುವ ಮನುಷ್ಯ,
ಬಣ್ಣದ ವಿಷಯದಲ್ಲಿ ಹೆಂಡತಿಯನ್ನು ನಂಬಿದ.

ನಾಲ್ಕನೇ ದಿನ ನನ್ನದು.
ನನ್ನ ಬೆನ್ನಿನ ಅಳತೆ ನಾನು ಹಿಡಿಯಲಾಗದೆ
ಗೌನು ಹಿಂದೆ ಚೀಲದಂತೆ ಜೋತಿತ್ತು.
ಗುಲಾಬಿ ಬರೆದಳು: ನಿಮಗೇ ಹೊಲಿದ ಹಾಗಿದೆ.
ಅಂದು ಆಕೆಯ ಮೇಲೆ ಅನುಮಾನ ಬಂತು.

ಐದನೆಯವಳು ಹುಸೇನಮ್ಮ.
ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ರೊಟ್ಟಿ ಬಡಿಯುವ ಕೈ.
"ರೊಕ್ಕ ಹಾಕೀನಿ, ಮೈಗೂ ಹಾಕ್ಕೊಂತೀನಿ" ಅಂದವಳಿಗೆ
ಎಲ್ಲ ಟಾಕಿ ಬಿಚ್ಚಿ, ಉಸಿರು ಹಿಡಿಸಿ, ಜಿಪ್ಪು ಎಳೆದೆವು.
ಕನ್ನಡಿಯ ಮುಂದೆ ಸುಮ್ಮನೆ ನಿಂತಳು ಬಹಳ ಹೊತ್ತು.
"ಕುತ್ತಿಗಿಗಿ ಏನೋ ಚುಚ್ಚಾಕತ್ತದ ಬೇ."
ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಹಿಂದೆ ಹೋಗಿ
ಒಂದೇ ಜಗ್ಗು.
ಟಕ್.

ಪಿನ್ನು ಒಂದು ಕಡೆ, ಟ್ಯಾಗು ಒಂದು ಕಡೆ.
ತಸ್ಲೀಮಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.
ಮುನ್ನೂರ ಎಪ್ಪತ್ತೊಂಬತ್ತು ರೂಪಾಯಿ ಎಂಬತ್ತು ಪೈಸೆ,
ತಲೆಗೆ.
"ಈಗ ಸರಿ ಆತು" ಅಂದು ಹುಸೇನಮ್ಮ ನೆಟ್ಟಗಾದಳು.
ಐದು ಫೋಟೋಗಳಲ್ಲಿ ತಲೆ ಎತ್ತಿದ್ದು ಅದೊಂದೇ.

ಗೌನು ಈಗ ನನ್ನ ಗೂಟದಲ್ಲಿದೆ, ಬೂದಿಗೆ ಹಳೆ ಸೀರೆ ಹೊದ್ದು.
ಪಕ್ಕಾ ಹೊಲಿಗೆ ಹಾಕೋಣವೆಂದರೆ ಯಾರ ಅಳತೆ?
ಹುಸೇನಮ್ಮನ ಫೋಟೋದ ಕೆಳಗೆ ಇನ್ನೂ ಕೇಳುತ್ತಲೇ ಇದ್ದಾರೆ,
ಲಿಂಕ್, ಲಿಂಕ್.
"ಹಂಗಂದ್ರೇನು?"
"ಎಲ್ಲಿ ಸಿಗ್ತದ ಅಂತ ಕೇಳಾಕತ್ಯಾರ."
"ನಮ್ಮ ಮನ್ಯಾಗ ಅದ,
ಬಂದು ಹಾಕ್ಕೊಂಡು ನೋಡ್ರಿ ಅಂತ ಬರಿ."

ಬರೆದೆ.