ಎಂಟು ಕುದುರೆಯ ತೊಗಲು

ವಾಲ್ಸಾಲ್, ಜೀನು ಹೊಲಿಯುವವರ ಬೀದಿ,
ಸಾವಿರದ ಒಂಬೈನೂರ ಒಂಬತ್ತರ ಮಾರ್ಚಿ.
ಕದ ತೆರೆದರೆ ಮೊದಲು ಸುಟ್ಟ ವಾಸನೆ,
ಅದರ ಹಿಂದೆ ಎನಾಕ್ ಪರ್ಸ್ಲೋ,
ಡಾಕ್ಟರ ಮೋಟಾರು ಓಡಿಸುವವನು,
ಕಂಕುಳಲ್ಲಿ ಮಗುವಿನಂತೆ ಒಂದು ಲೋಹದ ಶಂಕು.

"ಗುಡ್ಡದ ಅರ್ಧಕ್ಕೇ ಜಾರಿತು, ಹೆಪ್ಸಿಬಾ.
ಎಂಜಿನ್ ಕೂಗುತ್ತಿತ್ತು, ಗಾಲಿ ನಿಂತಿತ್ತು.
ಮೇಲೆ ಹೆರಿಗೆ ನೋವು, ಕೆಳಗೆ ನಾವು.
ರಸ್ತೆಯ ಧೂಳನ್ನೇ ಹಿಡಿಹಿಡಿ ಎರಚಿದೆ.
ಕಚ್ಚಿಕೊಂಡಿತು. ಆಮೇಲೆ ಬರೀ ಹೊಗೆ.
ಡಾಕ್ಟರು ಪೆಟ್ಟಿಗೆ ಹಿಡಿದು ನಡೆದೇ ಹೋದರು."

ಬೆರಳಿಟ್ಟು ನೋಡಿದೆ,
ಮೂವತ್ತು ವರ್ಷ ಕುದುರೆಬೆನ್ನಿಗೆ ಹೊಲಿದ ಬೆರಳು.
ತೊಗಲು ರೊಟ್ಟಿಯ ಸೀದ ಅಂಚು.
ತಾಮ್ರದ ಮೊಳೆಗಳು ತಲೆಯೆತ್ತಿ ನಿಂತಿವೆ.

ಅದರ ಗುಟ್ಟು ಇಷ್ಟೇ ಅಂತೆ:
ಎಂಜಿನ್ನಿಗೊಂದು ಭಾರದ ಗಾಲಿ, ಒಳಗೆ ಬಟ್ಟಲಿನ ಟೊಳ್ಳು;
ಟೊಳ್ಳಿಗೆ ಈ ಶಂಕು, ಶಂಕುವಿಗೆ ತೊಗಲಂಗಿ,
ಬೆನ್ನಿಗೆ ಒತ್ತುವ ಸ್ಪ್ರಿಂಗು.
ಪೆಡಲು ತುಳಿದರೆ ಶಂಕು ಹಿಂದೆ ಸರಿದು
ಎಂಜಿನ್ ಒಂಟಿ;
ಬಿಟ್ಟರೆ ತೊಗಲು ಲೋಹವನ್ನು ತಬ್ಬಿ
ಇಬ್ಬರದೂ ಒಂದೇ ಸುತ್ತು.

ಒಣತೊಗಲು ರಪ್ಪನೆ ಹಿಡಿಯುತ್ತದೆ,
ಡಾಕ್ಟರ ಟೋಪಿ ಹಿಂದಿನ ಸೀಟಿಗೆ.
ಎಣ್ಣೆ ಹೆಚ್ಚಾದರೆ
ಕೊಟ್ಟ ಮಾತಿನ ಹಾಗೆ ಜಾರುತ್ತದೆ.
ನಡುವೆ ಎಲ್ಲೋ ಒಂದು ಹದ.
ನನಗೆ ಮೋಟಾರು ಗೊತ್ತಿಲ್ಲ,
ಹದ ಗೊತ್ತು.

ಬಿಯರ್ ಕಂಪನಿಯವರು ಹೇಳಿ, ಆಮೇಲೆ
ಲಾರಿ ಕೊಂಡೆವು, ಬೇಡ ಎಂದ ಚಕ್ಕಳವಿತ್ತು.
ಕಮಾನಿಗೆ ಕೊಯ್ದೆ, ನೇರಪಟ್ಟಿ ಶಂಕುವಿಗೆ ಒಗ್ಗದು.
ದನದ ಗೊರಸಿನ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿದೆ.
ಮೊಳೆಯ ತಲೆಗಳನ್ನು ಆಳಕ್ಕೆ ಹುಗಿದೆ.

ಮೂರನೆಯ ದಿನ ಎನಾಕ್ ನನ್ನನ್ನೂ ಕೂರಿಸಿಕೊಂಡ.
ಬೀದಿ ದಾಟುವಷ್ಟರಲ್ಲಿ
ಕಾಲಡಿಯ ಪೆಟ್ಟಿಗೆ ಕಟಕಟ ಹಲ್ಲು ಕಡಿಯಿತು.
ಸನ್ನೆ ನೂಕಿದರೆ ಒಂದು ಹಲ್ಲುಚಕ್ರ ಸರಿದು ಬಂದು
ಇನ್ನೊಂದರ ಸಂದು ಹುಡುಕುತ್ತದಂತೆ;
ಇದರ ಓಟ ಅದರ ಓಟಕ್ಕೆ ಹೊಂದದೆ
ಸಂದು ಸಿಗದಂತೆ.
"ಅದು ನನ್ನ ತಪ್ಪು," ಎಂದ, "ನಿನ್ನ ತೊಗಲಿನದಲ್ಲ."

ಗುಡ್ಡ ಬಂತು.
ಪೆಡಲು ತುಳಿದ, ಸನ್ನೆ ನಡುವಿಗೆ. ಪೆಡಲು ಬಿಟ್ಟ.
ಎಂಜಿನ್ನಿಗೆ ಒಂದು ಗುಟುಕು ಹೆಚ್ಚು; ಅದರ ದನಿ ಏರಿತು.
ಮತ್ತೆ ಪೆಡಲು, ಮತ್ತೆ ಸನ್ನೆ,
ಪಳಗಿದ ಕುದುರೆ ತಾನೇ ತಲೆ ಬಗ್ಗಿಸಿ
ಪಟ್ಟಿಗೆ ಕೊರಳು ಕೊಟ್ಟಂತೆ.
ನಡುವೆ, ಯಾವ ಹಲ್ಲಿಗೂ ಸೇರದ ಒಂದು ಗಳಿಗೆ,
ಮೋಟಾರು ಸುಮ್ಮನೆ ಉರುಳುತ್ತಿತ್ತು.
ನನಗೆ ಕೇಳಿಸಿದ್ದು ಅದೇ.

"ಆ ಹೆರಿಗೆ?" ಎಂದೆ, ತುದಿ ಮುಟ್ಟಿದ ಮೇಲೆ.
"ಡಾಕ್ಟರು ಹತ್ತುವಷ್ಟರಲ್ಲಿ ಆಗಿಹೋಗಿತ್ತು. ಹೆಣ್ಣು."

ಲೆಕ್ಕದ ಪುಸ್ತಕ ಅಪ್ಪ ಗೆರೆ ಹಾಕಿದ್ದು:
ಯಜಮಾನ, ಕೆಲಸ, ಬೆಲೆ, ಕುದುರೆಯ ಹೆಸರು.
ಮೂರೂವರೆ ಶಿಲಿಂಗ್ ಬರೆದು ಪೆನ್ನು ನಿಲ್ಲಿಸಿದೆ.
"ಕುದುರೆ?"
ಎನಾಕ್ ಗಲ್ಲ ಕೆರೆದುಕೊಂಡ.
"ಎಂಟು. ಹಾಗೆನ್ನುತ್ತಾರೆ ಕಂಪನಿಯವರು."

ಬರೆದೆ: ಎಂಟು. ಹೆಸರಿಲ್ಲ.